ಕಾಪಿಯಾಗದ ರಾಗ

ನಾವಿಬ್ಬರು ಬೀಗ ಒಡೆಯುತ್ತಿದ್ದೆವು. ಮನೆಯ ಬೀಗವಲ್ಲ, ಸಾಫ್ಟ್‌ವೇರಿನ ಬೀಗ. ಈಗಿನವರಿಗೆ ಇದನ್ನು ಹೇಳಲು ಹೋದರೆ ಮೊಬೈಲಿನಿಂದ ತಲೆ ಎತ್ತುವುದಿಲ್ಲ. ಎತ್ತಿದರೂ "ಅಂದ್ರೆ ಪೈರಸಿ ತಾನೇ ಅಂಕಲ್?" ಎಂದು ಒಂದೇ ಮಾತಿನಲ್ಲಿ ನಮ್ಮ ಯೌವನವನ್ನೆಲ್ಲ ಗುಡಿಸಿ ಮೊರಕ್ಕೆ ತುಂಬಿಬಿಡುತ್ತಾರೆ. ಹೌದಪ್ಪ, ಪೈರಸಿಯೇ. ಬೇರೆ ಹೆಸರಿದ್ದರೆ ನೀವೇ ಹೇಳಿ. ನನಗೆ ಸಿಟ್ಟು ಬರುವುದು ಆ ಮಾತಿಗಲ್ಲ, ಮಾತನ್ನು ಅಲ್ಲಿಗೇ ಮುಗಿಸುವುದಕ್ಕೆ.

ಮೈಸೂರಿನ ಲಕ್ಷ್ಮೀಪುರಂನಲ್ಲಿ ನನ್ನ ಗೆಳೆಯನ ಮನೆಯ ಹಿಂದೆ ಒಂದು ಔಟ್‌ಹೌಸ್ ಇತ್ತು. ತೊಂಬತ್ತರ ದಶಕದಲ್ಲಿ ಕಾಲೇಜು ಮುಗಿಸಿಕೊಂಡು ಮಧ್ಯಾಹ್ನ ಅಲ್ಲಿ ಸೇರುತ್ತಿದ್ದೆವು. ಒಂದು ಕಂಪ್ಯೂಟರ್, ಎರಡು ಮಡಚುವ ಕುರ್ಚಿ, ಮೂಲೆಯಲ್ಲಿ ಅವನ ಅಮ್ಮ ಒಣಗಲು ಹರವಿದ ಸಂಡಿಗೆ. ಕರೆಂಟು ಹೋದರೆ ಅಷ್ಟು ಹೊತ್ತಿನ ಕೆಲಸವೆಲ್ಲ ಹೋಯಿತು. ಹೋದದ್ದಕ್ಕೆ ವಿದ್ಯುತ್ ಇಲಾಖೆಯವರ ವಂಶವನ್ನೆಲ್ಲ ಬೈದು, ಸಂಡಿಗೆ ತಿಂದು, ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದೆವು.

ಆ ಕಾಲದ ಎಷ್ಟೋ ಆಟಗಳು ಶುರುವಾಗುವ ಮೊದಲು ಒಂದು ಪ್ರಶ್ನೆ ಕೇಳುತ್ತಿದ್ದವು: ಆಟದ ಜೊತೆ ಬಂದ ಪುಸ್ತಕದ ಇಂಥ ಪುಟದ, ಇಂಥ ಸಾಲಿನಲ್ಲಿರುವ ಪದ ಯಾವುದು? ಮೈಸೂರಿಗೆ ಆಟ ಬರುತ್ತಿತ್ತು, ಪುಸ್ತಕ ಬರುತ್ತಿರಲಿಲ್ಲ. ಯಾರದೋ ಭಾವ ಸಿಂಗಪುರದಿಂದ ತಂದ ಫ್ಲಾಪಿ, ಅದರ ಕಾಪಿ, ಆ ಕಾಪಿಯ ಕಾಪಿ. ಗೆಳೆಯ ಆ ಆಟದ ಹೊಟ್ಟೆಯೊಳಗೆ ಕೈ ಹಾಕಿ, ಪ್ರಶ್ನೆ ಕೇಳುವ ಜಾಗ ಹುಡುಕಿ, ಅದು ಬಾಯಿ ಬಿಡದ ಹಾಗೆ ಮಾಡುತ್ತಿದ್ದ. ಮಾಡಿದ ಮೇಲೆ ಆಟವನ್ನು ಒಂದು ಸಲವೂ ಆಡುತ್ತಿರಲಿಲ್ಲ. ಬೀಗ ಬಿಚ್ಚಿದ ಮೇಲೆ ಮನೆಯೊಳಗೆ ಏನಿದೆ ಎಂಬುದರಲ್ಲಿ ಅವನಿಗೆ ಆಸಕ್ತಿಯೇ ಇರಲಿಲ್ಲ.

ಬೀಗ ಒಡೆದವರು ಆಟದ ಮುಂದೆ ತಮ್ಮದೊಂದು ಪುಟ್ಟ ಪ್ರದರ್ಶನ ಇಡುವುದು ಜಗತ್ತಿನಾದ್ಯಂತ ಇದ್ದ ಪದ್ಧತಿ. ಹೆಸರು ತೆರೆಯ ಮೇಲೆ ಓಡಬೇಕು, ಬಣ್ಣ ಅಲೆಯಾಡಬೇಕು, ಒಂದು ರಾಗ ಕೇಳಬೇಕು. ಅದಕ್ಕೆ ಇಂಟ್ರೊ ಎನ್ನುತ್ತಿದ್ದರು. ಆಟವೇ ಇಲ್ಲದೆ ಬರೀ ಪ್ರದರ್ಶನವಾದರೆ ಅದು ಡೆಮೊ. ಯುರೋಪಿನ ಹುಡುಗರ ಡೆಮೊಗಳನ್ನು ನೋಡಿ ನೋಡಿ ನಮಗೂ ಹುಚ್ಚು ಹಿಡಿಯಿತು. ನಮ್ಮದು ಕನ್ನಡದಲ್ಲಿ ಓಡಬೇಕು ಎಂದು ಅವನ ಹಟ.

ಅಕ್ಷರ ಬರೆಯುವ ಕೆಲಸ ನನ್ನದು. ಗ್ರಾಫ್ ಹಾಳೆಯ ಚೌಕಗಳನ್ನು ತುಂಬಿ ತುಂಬಿ ಅಕಾರದಿಂದ ಳಕಾರದವರೆಗೆ ಬರೆದೆ. ಆದರೆ ಓಡುವ ಸಾಲಿಗೆ ಅವನು ಕೊಟ್ಟ ಜಾಗ ಒಂದು ಅಕ್ಷರದ ಎತ್ತರ ಅಷ್ಟೇ. ಕೆಳಗೆ ಒತ್ತು ಹಾಕಲು ಜಾಗವೇ ಇಲ್ಲ. ಜಾಗ ಕೊಡು ಎಂದರೆ "ಅಷ್ಟು ಎತ್ರ ಮಾಡುದ್ರೆ ಸಾಲು ಕುಂಟ್ತದೆ ಕಣೋ, ಒತ್ತಿಲ್ದೇ ಇರೋ ಮಾತು ಹುಡುಕು" ಎಂದ. ಹುಡುಕಿದೆ. ಅಮ್ಮ ಇಲ್ಲ, ಅಪ್ಪ ಇಲ್ಲ, ನಮಸ್ಕಾರ ಇಲ್ಲ. ಕನ್ನಡ ಎಂದು ಬರೆಯಲೂ ಬಾರದ ಕನ್ನಡ ಡೆಮೊ! "ಮೈಸೂರು" ಮಾತ್ರ, ಐತ್ವದ ಬಾಲವನ್ನು ಪಕ್ಕಕ್ಕೆ ಎಳೆದು ಕೂರಿಸಿದ ಮೇಲೆ, ಒತ್ತಿಲ್ಲದೆ ಜಮ್ಮೆಂದು ಓಡಿತು. ನಮ್ಮೂರಿಗೆ ನಾವೇ ನಾಮಕರಣ ಮಾಡಿದೆವೇನೋ ಎನ್ನುವಷ್ಟು ಬೀಗಿದೆವು.

ರಾಗ ಅವನದು. ಸಂಗೀತ ಕಲಿತವನಲ್ಲ, ಮದುವೆ ಮನೆಯ ಓಲಗ ಕೇಳಿ ಬೆಳೆದ ಕಿವಿ. ಕಂಪ್ಯೂಟರಿನ ಹೊಟ್ಟೆಯೊಳಗಿದ್ದ ಪುಟ್ಟ ಸ್ಪೀಕರು ಒಂದು ಸಲಕ್ಕೆ ಒಂದೇ ಸ್ವರ ಕೂಗುತ್ತಿತ್ತು. ಅದರಲ್ಲಿ ಮೂರು ಸ್ವರಗಳನ್ನು ಎಷ್ಟು ಬೇಗ ಅದಲುಬದಲು ಮಾಡುತ್ತಿದ್ದನೆಂದರೆ, ಮೂರೂ ಒಟ್ಟಿಗೆ ಹಾಡಿದಂತೆ ಕೇಳುತ್ತಿತ್ತು. ಮೊದಲ ಸಲ ಅದನ್ನು ಕೇಳಿ, ಇನ್ನೊಂದು ಸಲ ಹಾಕೆಂದು ಗೋಗರೆದೆ.

ಅಷ್ಟರಲ್ಲಿ ಒಂದು ಘಟನೆ ನಡೆಯಿತು. ಹಿಂದೆ ಒಡೆದ ಆಟವೊಂದರ ಮುಂದೆ ಅವನದೇ ಬೇರೊಂದು ರಾಗ ಹಾಕಿ ನಾವು ಇಟ್ಟಿದ್ದ ಇಂಟ್ರೊದಿಂದ, ಬೇರೆ ಊರಿನ ಗುಂಪೊಂದು ನಮ್ಮ ಹೆಸರು ತೆಗೆದು ತಮ್ಮ ಹೆಸರು ಹಾಕಿ ಹಂಚಿತು. ಗೆಳೆಯ ಕೆಂಡವಾದ.

"ಲೋ, ನಮ್ದುನ್ನೇ ಕದ್ಬುಟ್ಟವ್ರಲ್ಲೋ!"

"ನಾವು ಕದ್ದಿದ್ದುನ್ನ ಅವ್ರು ಕದ್ರು, ಅದ್ರಲ್ಲೇನು" ಎಂದೆ.

"ಆಟ ಯಾರ್ದಾದ್ರೂ ಆಗ್ಲಿ. ರಾಗ ನಂದು ಕಣೋ" ಎಂದ. ಅವನ ಕಣ್ಣಲ್ಲಿ ನೀರಿತ್ತು.

ಊರವರ ಬೀಗವೆಲ್ಲ ಒಡೆದವನು ತನ್ನ ಡೆಮೊಗೆ ಒಂದು ಬೀಗ ಮಾಡಲು ಕೂತ. ರಾಗದ ಅಂಕಿಗಳನ್ನೆಲ್ಲ ಕಲಸಿಟ್ಟ. ಅದನ್ನು ಬಿಡಿಸುವ ಕೀಲಿಯನ್ನು ಫ್ಲಾಪಿಯ ತಟ್ಟೆಯ ಮೇಲೆ ಉಂಗುರಗಳಂತಿರುವ ಸುತ್ತುಗಳಲ್ಲಿ ಒಂದರಲ್ಲಿ, ಯಾವ ಕಂಪ್ಯೂಟರೂ ಕಾಪಿ ಮಾಡಲಾರದ ರೀತಿಯಲ್ಲಿ ಬರೆದ. ಆ ಕೀಲಿ ಕಾಣದಿದ್ದರೆ ಡೆಮೊ ರಾಗ ಹಾಡದು. ಯಾರ ಕೈಗೂ ಸಿಗಬಾರದೆಂದು ಕಂಪ್ಯೂಟರಿನಲ್ಲಿದ್ದ ಮೂಲವನ್ನೂ ಅಳಿಸಿಬಿಟ್ಟ. "ನಂಗೇ ಕಾಪಿ ಹೊಡಿಯಕ್ಕಾಗಲ್ಲ ಅಂದ್ಮೇಲೆ ಇನ್ಯಾರ್ಗಾಯ್ತದೆ?" ಎಂದು ಎದೆ ಉಬ್ಬಿಸಿದ. ಅದು ಅವನು ಮಾಡಿದ ಅತ್ಯುತ್ತಮ ಕೆಲಸ. ಕಾಪಿ ಆಗದ್ದರಿಂದ ಡೆಮೊ ಎಲ್ಲಿಗೂ ಹೋಗಲಿಲ್ಲ. ಔಟ್‌ಹೌಸಿಗೆ ಬಂದ ನಾಲ್ಕಾರು ಜನ ನೋಡಿ ತಲೆದೂಗಿದರು, ಅಷ್ಟೇ.

ಆಮೇಲೆ ಎಲ್ಲರಿಗೂ ಆಗುವುದೇ ನಮಗೂ ಆಯಿತು. ಅವನು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾದ, ಮದುವೆಯಾದ, ಶ್ರೀರಾಂಪುರದ ಕಡೆ ಮನೆ ಕಟ್ಟಿಸಿದ. ಮತ್ತೆ ಒಂದು ರಾಗವನ್ನೂ ಮಾಡಲಿಲ್ಲ. ಯಾಕೋ ಎಂದು ಕೇಳಿದರೆ "ಈಗ ಒಡ್ಯಕ್ಕೆ ಬೀಗಾನೇ ಎಲ್ಲದೆ? ಕಂಪ್ನಿಯೋರು ಎಲ್ಲಾ ಅವ್ರ ಹತ್ರಾನೇ ಮಡಿಕ್ಕೊಂಡು ನಮ್ಗೆ ಕಿಟಕೀಲಿ ತೋರುಸ್ತಾರೆ" ಎನ್ನುತ್ತಿದ್ದ. ಹೋದ ವರ್ಷ ಕಚೇರಿಯಲ್ಲೇ, ಮೇಜಿನ ಮೇಲೆ ತಲೆ ಇಟ್ಟವನು ಏಳಲಿಲ್ಲ. ನಿದ್ದೆ ಮಾಡುತ್ತಿದ್ದಾನೆಂದು ಪಕ್ಕದವರು ತುಂಬ ಹೊತ್ತು ಸುಮ್ಮನಿದ್ದರಂತೆ.

ತಿಥಿ ಎಲ್ಲ ಮುಗಿದು ಕೆಲವು ತಿಂಗಳಾದ ಮೇಲೆ ಅವನ ಹೆಂಡತಿ ಫೋನು ಮಾಡಿದರು. ಬೀರುವಿನಲ್ಲಿ ಒಂದು ಫ್ಲಾಪಿ ಸಿಕ್ಕಿದೆ, ಬಂದು ನೋಡಿ ಎಂದರು. ಹೋದೆ. ಆಕೆ ಕಾಫಿ ಕೊಟ್ಟು ಎದುರು ಕೂತರು.

"ಅಣ್ಣ, ಅವ್ರು ಸ್ನಾನ ಮಾಡ್ವಾಗ ಒಂದು ರಾಗ ಗುನುಗ್ತಿದ್ರು. ಯಾವ ಸಿನ್ಮಾದು ಅಂದ್ರೆ ನಂದೇ ಕಣೇ ಅನ್ನೋರು. ನಾನು ನಂಬ್ತಿರ್ಲಿಲ್ಲ, ಸಾಕು ಸುಮ್ನಿರಿ ಅಂತಿದ್ದೆ. ಈಗ ಎಷ್ಟು ನೆನುಸ್ಕೊಂಡ್ರೂ ಬತ್ತಿಲ್ಲ. ಇದ್ರಲ್ಲಿ ಇದ್ಯಾ ಅದು?"

ಇದೆ ಎಂದೆ. ಆಕೆಯ ಮುಖ ಅರಳಿದ್ದನ್ನು ನೋಡಿ, ಇಷ್ಟು ಹಳೆಯ ಫ್ಲಾಪಿ ಓದುತ್ತದೋ ಇಲ್ಲವೋ ತಿಳಿಯದೆ ಹಾಗೆನ್ನಬಾರದಿತ್ತು ಅನ್ನಿಸಿತು.

"ನಿಮ್ಗೆ ಗೊತ್ತಲ್ಲ, ಒಂಚೂರು ಗುನುಗಿ ಅಣ್ಣ."

ಗುನುಗಿದೆ. ಆಕೆ ಕಣ್ಣು ಮುಚ್ಚಿ ಕೇಳಿ, ಮೆಲ್ಲಗೆ ತಲೆಯಾಡಿಸಿದರು. ಅದಲ್ಲ. ನನಗೂ ಗೊತ್ತಿತ್ತು. ಮೂವತ್ತು ವರ್ಷ ಕಿವಿಗೆ ಬಿದ್ದ ಸಿನಿಮಾ ಹಾಡು, ಜಾಹೀರಾತು, ರಿಂಗ್‌ಟೋನುಗಳೆಲ್ಲ ಸೇರಿ ಅದನ್ನು ಇನ್ನೇನೋ ಮಾಡಿಬಿಟ್ಟಿದ್ದವು. ಗೆಳೆಯನ ರಾಗ ಈಗ ಯಾರ ತಲೆಯಲ್ಲೂ ಇರಲಿಲ್ಲ. ಉಳಿದದ್ದು ಆ ಫ್ಲಾಪಿ ಒಂದೇ.

ಗುಜರಿ ಅಂಗಡಿಗಳನ್ನೆಲ್ಲ ಸುತ್ತಿ ಒಂದು ಹಳೇ ಕಂಪ್ಯೂಟರ್ ತಂದೆ. ಫ್ಲಾಪಿಯ ಮುಚ್ಚಳ ಸರಿಸಿ ನೋಡಿದರೆ ಬೂಷ್ಟು ಬಿಳಿಯ ಚುಕ್ಕೆಯಾಗಿ ಕೂತಿತ್ತು. ಹತ್ತಿಯಿಂದ, ಉಸಿರು ಹಿಡಿದು ಒರೆಸಿದೆ. ಕರಕರ ಸದ್ದು ಮಾಡುತ್ತಾ ಬಹುಪಾಲು ಓದಿತು. ಆದರೆ ಕೀಲಿ ಇದ್ದ ಸುತ್ತಿನಲ್ಲಿ ಲೇಪನವೇ ಎದ್ದುಹೋಗಿತ್ತು. ಡೆಮೊ ಶುರುವಾಯಿತು, ಕೀಲಿ ಹುಡುಕಿತು, ಸಿಗಲಿಲ್ಲ. ನನ್ನನ್ನು ಕಾಪಿ ಕದ್ದವನೆಂದು ತಿಳಿದು, ಅವನು ಕಳ್ಳರಿಗಾಗಿ ನನಗೂ ಹೇಳದೆ ಬರೆದಿಟ್ಟಿದ್ದ ಒಂದು ಸಾಲನ್ನು ತೋರಿಸಿ ನಿಂತುಬಿಟ್ಟಿತು.

ಆ ಸಾಲನ್ನು ಆಕೆಗೆ ತೋರಿಸುವುದು ಬೇಡವೆಂದುಕೊಂಡು ಬೀಗ ಒಡೆಯಲು ಕೂತೆ. ಅವನಿಂದಲೇ ಕಲಿತ ವಿದ್ಯೆ. ಕೀಲಿ ಕೇಳುವ ಜಾಗದ ಬಾಯಿ ಮುಚ್ಚಿಸಿದೆ. ಡೆಮೊ ಮುಂದೆ ಓಡಿತು. ಬಣ್ಣ ಬಂತು, ಮೈಸೂರು ಬಂತು. ರಾಗದ ಜಾಗದಲ್ಲಿ ತಗಡು ಕೆರೆದಂಥ ಸದ್ದು. ಕೀಲಿಯಿಲ್ಲದೆ ಕಲಸಿದ್ದು ಬಿಡಿಸಿಕೊಳ್ಳುವುದಿಲ್ಲ. ವಾರಗಟ್ಟಲೆ ಅದರ ಮುಂದೆ ಕೂತೆ. ಬೇರೆ ಬೇರೆ ಅಂಕಿ ಕೊಟ್ಟೆ, ಬೇರೆ ಬೇರೆ ಸದ್ದು ಬಂತು. ಒಮ್ಮೊಮ್ಮೆ ಎಲ್ಲೋ ಎರಡು ಸ್ವರ ಸರಿಯಾಗಿ ಬಂದಂತಾಗಿ ಮೈ ಜುಮ್ಮೆನ್ನುತ್ತಿತ್ತು, ಮರುಕ್ಷಣ ಮತ್ತೆ ತಗಡು. ಬುದ್ಧಿವಂತ ಸೂಳೇಮಗನೇ ಎಂದು ಜೋರಾಗಿ ಬೈದೆ, ಬೈದು ಅತ್ತೆ. ಇಷ್ಟು ಚೆನ್ನಾಗಿ ಯಾಕೋ ಮಾಡಿದೆ? ಯಾವನೋ ಒಬ್ಬ ನಿನ್ನ ಹೆಸರು ಅಳಿಸಿ ಕದ್ದೊಯ್ದಿದ್ದರೂ ರಾಗವಾದರೂ ಎಲ್ಲೋ ಒಂದು ಕಡೆ ಉಳಿಯುತ್ತಿತ್ತು. ಆ ಕಾಲದ ಕದ್ದ ಮಾಲೆಲ್ಲ ಇವತ್ತಿಗೂ ಇಂಟರ್‌ನೆಟ್ಟಿನಲ್ಲಿ ಸಿಗುತ್ತದೆ.

ಡೆಮೊವನ್ನು ತಿದ್ದಿ ನೋಡಿದರೂ ಆಗುವುದಿಲ್ಲ ಎಂದು ಹೇಳಲು ಶ್ರೀರಾಂಪುರಕ್ಕೆ ಹೋದೆ. ಆಕೆ ವಾದ ಮಾಡಲಿಲ್ಲ. "ಏನ್ ಬತ್ತದೋ ಅದನ್ನೇ ತೋರ್ಸಿ" ಎಂದರು. "ನೀವು ತಿದ್ದಿದ್ದು ಬ್ಯಾಡ. ಅವ್ರು ಎಂಗೆ ಮಾಡಿದ್ರೋ ಅಂಗೇ."

ಅಂದರೆ ಆ ಸಾಲನ್ನೇ ತೋರಿಸಬೇಕು. ಲ್ಯಾಪ್‌ಟಾಪಿನಲ್ಲಿ ಫ್ಲಾಪಿಯಿಂದ ಇಳಿಸಿಕೊಂಡಿದ್ದ, ನಾನು ತಿದ್ದದ ಡೆಮೊ ಹಾಕಿದೆ. ತೆರೆ ಒಂದು ಗಳಿಗೆ ಕಪ್ಪಾಗಿ, ನಾನು ಬರೆದ ಅಕ್ಷರಗಳಲ್ಲಿ ಅವನ ಸಾಲು ಬಲದಿಂದ ಎಡಕ್ಕೆ ನಿಧಾನವಾಗಿ ಓಡಿತು.

"ಕದಿಯಲು ಬಂದೆಯಾ? ನಿನಗೆ ಇದು ಸಿಗದು. ಮನೆಗೆ ಹೋಗು."

ಆಕೆ ಬಾಯಿಬಿಟ್ಟು ಓದಿದರು. ಸಾಲು ಮತ್ತೆ ಓಡಿತು, ಮತ್ತೆ ಓದಿದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು.

"ಇದು ಕಳ್ರಿಗೆ ಬರ್ದಿದ್ದು ಕಣಮ್ಮ, ನಿಮಗಲ್ಲ" ಎಂದೆ.

"ಕಳ್ರು ಯಾರೂ ಬರ್ನೇ ಇಲ್ವಲ್ಲ ಅಣ್ಣ" ಎಂದರು ಆಕೆ. "ಕೇಳ್ಕೊಂಡು ಬಂದೋಳು ನಾನೊಬ್ಳೇ."