ಕಹಿ ಎಂದು ಹೇಳುವವಳು

ಹಣ್ಣಿನ ರಸದ ಕಾರ್ಖಾನೆಯಲ್ಲಿ ಆಕೆಗೆ ಹೆತ್ತವರಿಟ್ಟ ಹೆಸರು ಯಾರಿಗೂ ನೆನಪಿರಲಿಲ್ಲ. ಎಲ್ಲರ ಬಾಯಲ್ಲೂ ಆಕೆ ಕಹಿಯಕ್ಕ. ಮುಖ ಸಿಂಡರಿಸಿಕೊಂಡಿರುತ್ತಾಳೆಂದು ಬಂದ ಹೆಸರಲ್ಲ ಅದು. ಅವಳು ನಕ್ಕರೆ ಬಾಟಲಿ ತೊಳೆಯುವ ಯಂತ್ರದ ಸದ್ದನ್ನೂ ಮೀರಿ ಕೇಳಿಸುತ್ತಿತ್ತು. ರುಚಿ ನೋಡುವ ಕೋಣೆಯಲ್ಲಿ ಇಪ್ಪತ್ತಾರು ವರ್ಷದಿಂದ ಮೊದಲ ಕುರ್ಚಿ ಅವಳದು. ಕಿತ್ತಳೆ ರಸದ ಯಾವ ತೊಟ್ಟಿಯೂ ಅವಳ ನಾಲಿಗೆಯನ್ನು ದಾಟದೆ ಬಾಟಲಿಗೆ ಇಳಿಯುವಂತಿರಲಿಲ್ಲ.

ಅಲ್ಲಿನ ಅಚ್ಚು ಹಾಕಿದ ಚೀಟಿಯಲ್ಲಿ 'ಬಿಟರ್' ಎಂದು ಒಂದು ಚೌಕವಿತ್ತು. ಹೊಸದಾಗಿ ಸೇರಿದವರು ಬಾಯಿಗೆ ಹಿಡಿಸದ್ದನ್ನೆಲ್ಲ ತಂದು ಅದರೊಳಗೆ ಸುರಿಯುತ್ತಿದ್ದರು. ದೋರೆಗಾಯಿ ಬೆರೆತರೂ ಬಿಟರ್, ರಸ ಸೀದರೂ ಬಿಟರ್. ಕಹಿಯಕ್ಕನಿಗೆ ಮೈ ಉರಿಯುತ್ತಿತ್ತು. "ಕೆನ್ನೆ ಒಳಗೆ ಹಿಡ್ಕೊಂಡ್ರೆ ಅದು ಒಗರು. ಮೂಗಿಗೆ ಹೊಡೆದ್ರೆ ಸೀದದ್ದು. ಹಲ್ಲು ಜುಮ್ ಅಂದ್ರೆ ಹುಳಿ. ಎಲ್ಲಕ್ಕೂ ಕಹಿ ಅಂದ್ರೆ, ಪಾಪ, ನಿಜವಾದ ಕಹಿ ಎಲ್ಲಿಗೆ ಹೋಗ್ಬೇಕು?" ಪತ್ರಿಕೆಯವರು 'ಕಹಿ ಸುದ್ದಿ' ಎಂದು ಬರೆದರೂ ಅವಳಿಗೆ ತಕರಾರೇ. ಸುದ್ದಿಯನ್ನು ನೆಕ್ಕಿ ನೋಡಿದವರು ಯಾರು ಎಂದು ಕೇಳುತ್ತಿದ್ದಳು. ಇಂಗ್ಲಿಷಿನಲ್ಲಿ ಜಗಳಕ್ಕೂ ಕೊರೆಯುವ ಚಳಿಗೂ ಬಿಟರ್ ಅನ್ನುತ್ತಾರೆ ಎಂದು ಮೇಲ್ವಿಚಾರಕರು ಹೇಳಿದ ದಿನ ಮಧ್ಯಾಹ್ನದವರೆಗೆ ಕೂತು ಚೀಟಿಗಳ ಮೇಲಿನ 'ಬಿಟರ್' ಹೊಡೆದು 'ಕಹಿ' ಎಂದು ಬರೆದಳು.

ಆ ಕೋಣೆಯಲ್ಲಿ ಮೂರು ಕುರ್ಚಿ, ನಡುವೆ ಹಲಗೆ. ಒಬ್ಬರ ಮುಖ ನೋಡಿ ಇನ್ನೊಬ್ಬರು ಬರೆಯಬಾರದೆಂದು ಹಾಕಿದ ಹಲಗೆ. ಕಣ್ಣಿಗೇನೋ ಹಲಗೆ ಸರಿ, ಕಿವಿಗೆ? ರಸ ಚೆನ್ನಾಗಿದ್ದರೆ ಕಹಿಯಕ್ಕ ಲೋಟವನ್ನು ಮೆಲ್ಲಗೆ ಇಡುತ್ತಿದ್ದಳು, ಕಹಿಯಿದ್ದರೆ ಕುಕ್ಕುತ್ತಿದ್ದಳು. ಇದು ಅವಳಿಗೇ ಗೊತ್ತಿರಲಿಲ್ಲ. ಪಕ್ಕದ ಇಬ್ಬರಿಗೆ ಚೆನ್ನಾಗಿ ಗೊತ್ತಿತ್ತು. ಅವರು ಸದ್ದಿಗೆ ಕಾದು, ಆಮೇಲೆ ಪೆನ್ನು ಎತ್ತುತ್ತಿದ್ದರು.

ಹೀಗಿರುವಾಗ ಕಹಿಯಕ್ಕನಿಗೆ ಜ್ವರ ಬಂತು, ನಾಲ್ಕು ದಿನ ಮಲಗಿಸಿತು, ಮೂಗನ್ನು ಮಂಕು ಮಾಡಿ ಹೋಯಿತು. ಕೆಲಸಕ್ಕೆ ಮರಳಿದ ದಿನ ರಸ ಬಹಳ ಸೊಗಸಾಗಿದೆ ಅನ್ನಿಸಿತು. ಮರುದಿನವೂ ಹಾಗೆಯೇ. ಮೂರನೆಯ ದಿನ ಅನುಮಾನ ಹುಟ್ಟಿತು. ಪ್ರತಿ ಬೆಳಿಗ್ಗೆ ಉಳಿದಿಬ್ಬರ ನಾಲಿಗೆ ಪರೀಕ್ಷಿಸಲು ಅವಳೇ ಸಪ್ಪೆ, ಹುಳಿ, ಕಹಿ ಎಂದು ಮೂರು ಲೋಟ ನೀರು ಬೆರೆಸುತ್ತಿದ್ದಳು. ಬಾಗಿಲು ಹಾಕಿಕೊಂಡು ತಾನೇ ಕುಡಿದು ನೋಡಿದಳು. ಹುಳಿ ತಿಳಿಯಿತು. ಇನ್ನೆರಡೂ ಬರೀ ನೀರು.

ಯಾರಿಗೂ ಹೇಳಲಿಲ್ಲ. ಪರೀಕ್ಷಿಸುವವಳೇ ಅವಳು, ಅವಳನ್ನು ಯಾರು ಪರೀಕ್ಷಿಸುತ್ತಾರೆ? ಲೋಟ ಮೆಲ್ಲಗೆ ಇಟ್ಟಳು, ಪಕ್ಕದವರು ಒಪ್ಪಿಗೆ ಬರೆದರು. ಹಾಗಲಕಾಯಿಗೆ ಬೇವಿನಕಾಯಿ ಸಾಕ್ಷಿ. ಒಂಬತ್ತು ದಿನದಲ್ಲಿ ನಾಲ್ಕು ತೊಟ್ಟಿ ರಸ ಬಾಟಲಿಗಿಳಿದು, ಶಾಲೆಗಳಿಗೆ ಹೋಗಲು ಗೋದಾಮು ಸೇರಿತು.

ಸಿಕ್ಕಿಬಿದ್ದದ್ದು ಮನೆಯಲ್ಲಿ. ಗಂಡ ದರ್ಜಿ, ಮುಂದಿನ ಕೋಣೆಯಲ್ಲಿ ಹೊಲಿಗೆ, ಹಿಂದಿನ ಕೋಣೆಯಲ್ಲಿ ಅಡುಗೆ, ಎರಡೂ ಅವನದೇ. ಮದುವೆಯಾದಾಗಿನಿಂದ ಅವನು ಮಾಡಿದ ಒಂದು ಪದಾರ್ಥವನ್ನೂ ಹೆಂಡತಿ ಹೊಗಳಿದ್ದಿಲ್ಲ. ಈಗ ಒಂದು ವಾರದಿಂದ ದಿನವೂ "ಚೆನ್ನಾಗಿದೆ ರೀ". ಮನುಷ್ಯ ಉಬ್ಬಿಹೋಗಿದ್ದ. ಅಂಗಿ ಅಳತೆ ಕೊಡಲು ಬಂದವರಿಗೂ ಹೇಳಿಕೊಂಡಿದ್ದ.

ಆ ಸಂಜೆ ಕೋಟಿನ ಅಂಚು ಹೊಲಿಯುತ್ತ ಮೈಮರೆತು ಬೆಳ್ಳುಳ್ಳಿಯನ್ನು ಇದ್ದಿಲು ಮಾಡಿದ. ಅದನ್ನೇ ಸೊಪ್ಪಿಗೆ ಹಾಕಿ, ಬೈಗುಳಕ್ಕೆ ಸಿದ್ಧನಾಗಿ ಬಡಿಸಿದ. ಅವಳು ಎರಡು ಸಲ ಹಾಕಿಸಿಕೊಂಡು ಚೆನ್ನಾಗಿದೆ ಎಂದಳು. ಅವನು ಒಂದು ತುತ್ತು ಬಾಯಿಗಿಟ್ಟು, ಎದ್ದು ಹೋಗಿ ಉಗಿದು ಬಂದ.

"ಎಷ್ಟು ದಿನ ಆಯ್ತು?" ಎಂದ.

"ಒಂಬತ್ತು."

"ಅಂದ್ರೆ ನೀನು ಹೊಗಳಿದ್ದೆಲ್ಲ..." ಎಂದು ಶುರುಮಾಡಿದವನು ಅದನ್ನು ಅಲ್ಲಿಗೇ ನುಂಗಿಕೊಂಡ. "ಕಾರ್ಖಾನೇಲಿ ಹೇಳಿದ್ಯಾ?"

"ಹೇಳಿದ್ರೆ ಆ ಕುರ್ಚಿ ಹೋಗುತ್ತೆ. ಅದು ಬಿಟ್ರೆ ನನಗೇನು ಬರುತ್ತೆ ಹೇಳಿ. ಒಂದು ಗುಂಡಿ ಹಾಕೋಕೂ ಬರಲ್ಲ."

"ಗುಂಡಿ ನಾನು ಹಾಕ್ತೀನಿ. ಆ ರಸ ಕುಡಿಯೋರು ಮಕ್ಕಳು ಕಣೇ. ಲಾರಿ ಯಾವಾಗ?"

"ನಾಳೆ."

ಅವಳು ತಟ್ಟೆಯ ಮುಂದೆ ಕೂತೇ ಅತ್ತಳು. ನಾಚಿಕೆಗಿಂತ ಹೆಚ್ಚಾಗಿ ಭಯ. ಅವನು ಸೊಪ್ಪಿನ ಪಾತ್ರೆಯನ್ನು ತೆಗೆದು ಆಚೆ ಇಟ್ಟ.

ಬೆಳಿಗ್ಗೆ ಲಾರಿಗೆ ಪೆಟ್ಟಿಗೆ ಏರಿಸುವ ಮೊದಲೇ ಮೇಲ್ವಿಚಾರಕರ ಮುಂದೆ ನಿಂತು ಒಂದೇ ಉಸಿರಿಗೆ ಹೇಳಿದಳು: "ಸಾರ್, ಜ್ವರ ಬಂದು ಹೋದಾಗಿನಿಂದ ನನಗೆ ಕಹಿ ತಿಳೀತಿಲ್ಲ. ಗೊತ್ತಿದ್ದೂ ಸುಮ್ಮನಿದ್ದೆ. ನಾಲ್ಕು ತೊಟ್ಟೀದೂ ಮತ್ತೆ ನೋಡಿಸಿ."

ಪಕ್ಕದ ಕುರ್ಚಿಯ ಹುಡುಗಿ ತಲೆ ತಗ್ಗಿಸಿದಳು. "ನಮ್ಮದೂ ತಪ್ಪಿದೆ ಸಾರ್. ನಾವು ಅಕ್ಕನ ಲೋಟದ ಸದ್ದು ಕೇಳಿ ಬರೀತಿದ್ವಿ."

ಮೇಲ್ವಿಚಾರಕರು ಬೈಯಲೂ ಹೊತ್ತು ಕಳೆಯಲಿಲ್ಲ. ಲಾರಿ ನಿಲ್ಲಿಸಿ, ಕಹಿಯಕ್ಕನನ್ನು ಕೋಣೆಯಿಂದ ಹೊರಗೆ ಕಳಿಸಿ ಬಾಗಿಲು ಹಾಕಿಸಿದರು. ಇಪ್ಪತ್ತಾರು ವರ್ಷದಲ್ಲಿ ಆ ಬಾಗಿಲಿನ ಹೊರಮೈಯನ್ನು ಅವಳು ಅಷ್ಟು ಹೊತ್ತು ನೋಡಿದ್ದೇ ಇಲ್ಲ. ಒಳಗೆ ಹೋಗಿ ಒಂದು ಮಾತು ಹೇಳಿಕೊಟ್ಟು ಬರೋಣ ಅನ್ನಿಸಿತು. ಹೇಳಿಕೊಡಲು ತನ್ನ ಹತ್ತಿರ ಏನೂ ಇಲ್ಲ ಎಂಬುದು ಆಮೇಲೆ ನೆನಪಾಯಿತು.

ಅರ್ಧ ಗಂಟೆಯ ಮೇಲೆ ಹುಡುಗಿ ಹೊರಗೆ ಬಂದಳು.

"ಅಕ್ಕಾ, ಮೂರು ಸರಿಯಾಗಿದೆ. ಒಂದು ಮಾತ್ರ ಕಹಿ ಅನ್ಸುತ್ತೆ."

"ಅನ್ಸುತ್ತೋ, ಕಹೀನೋ?"

"ನುಂಗಿದ ಮೇಲೆ ಶುರುವಾಯ್ತು. ಎರಡು ಸಲ ನೀರು ಕುಡಿದೆ, ಬಿಡ್ತಾ ಇಲ್ಲ." ಹುಡುಗಿ ಕೈಯಲ್ಲಿದ್ದ ಲೋಟವನ್ನು ಮುಂದೆ ಚಾಚಿದಳು. "ನೀವೇ ಒಂದು ಗುಟುಕು ನೋಡಿ ಹೇಳ್ತೀರಾ?"

ಕಹಿಯಕ್ಕನಿಗೆ ಅದನ್ನು ಕಸಿದುಕೊಳ್ಳುವಷ್ಟು ಆಸೆಯಾಯಿತು, ಹೊಟ್ಟೆಕಿಚ್ಚೂ ಆಯಿತು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ನನ್ನ ಕೇಳ್ಬೇಡ. ನಿನಗೆ ತಿಳಿದಿದೆ," ಎಂದಳು. "ಹೋಗು, ಮೊದಲನೇ ಕುರ್ಚೀಲಿ ಕೂತ್ಕೊಂಡು ಬರಿ."