ಕಾಕು ಹೊಲಿದ ಹತ್ತು ಟೋಪಿ

ಆಗಸ್ಟ್ 17, ಭಾನುವಾರ. ಬರೆಯಲು ಕುಳಿತದ್ದು ಬೆಳಗ್ಗೆ 7.40ಕ್ಕೆ.

ಬೆಳಗ್ಗೆ ಅವ್ವ ಹೂವು ತರಲು ಕಳಿಸಿದ್ದಳು. ಬಿಬವೇವಾಡಿಯ ಮಾರ್ಕೆಟ್ಟಿನಲ್ಲಿ ಹೂವಿನವಳು ಸೇವಂತಿಗೆಯ ಪೊಟ್ಟಣ ಕಟ್ಟುವಾಗ ಕಾಮಕಸ್ತೂರಿಯ ನಾಲ್ಕು ಕಡ್ಡಿಗಳನ್ನೂ ಸೇರಿಸಿ ಕೊಟ್ಟಳು. ಮನೆಗೆ ಬರುವ ದಾರಿಯಲ್ಲಿ ಪೊಟ್ಟಣ ಒದ್ದೆಯಾಗಿ, ಕೈಗೆಲ್ಲ ಅದರ ವಾಸನೆ ಹತ್ತಿತು. ಕೈ ತೊಳೆಯಲು ಮನಸ್ಸಾಗಲಿಲ್ಲ. ಒಂಬತ್ತು ವರ್ಷದ ಹಿಂದಿನ ಡೈರಿ ತೆಗೆದೆ.

ಆಗ ನಾವು ಪುಣೆಯ ಹಳೆಯ ಪೇಟೆಯೊಂದರ ವಾಡೆಯಲ್ಲಿ ಬಾಡಿಗೆಗೆ ಇದ್ದೆವು. ಅಪ್ಪ ಕಲಬುರಗಿ ಕಡೆಯಿಂದ ಬಂದು ಭೋಸರಿಯ ಕಾರ್ಖಾನೆ ಸೇರಿದವರು. ನಾನು ಡಿಪ್ಲೊಮಾದ ಕೊನೆಯ ವರ್ಷದಲ್ಲಿದ್ದೆ. ನಮ್ಮ ಮೇಲಿನ ಅಂತಸ್ತಿನಲ್ಲಿ ಕಾಕಾ ಮತ್ತು ಅವರ ಹೆಂಡತಿ ಕಾಕು ಇದ್ದರು. ಅವರು ಯಹೂದಿಗಳು, ಬೆನೆ ಇಸ್ರೇಲ್ ಜನ. ಕೊಂಕಣದ ಊರುಗಳಲ್ಲಿ ತಲೆಮಾರುಗಟ್ಟಲೆ ಗಾಣ ನಡೆಸಿ, ಆಮೇಲೆ ನೌಕರಿ ಹಿಡಿದು ಪಟ್ಟಣಗಳಿಗೆ ಬಂದವರು. ಮನೆಮಾತು ಮರಾಠಿ. ಆದರೆ ಕಾಕಾ ರೈಲ್ವೆಯಲ್ಲಿ ಗಾರ್ಡ್ ಆಗಿ ಹುಬ್ಬಳ್ಳಿಯಲ್ಲಿ ಬಹಳ ವರ್ಷ ಇದ್ದದ್ದರಿಂದ, ನಮ್ಮ ಜೊತೆ ಅಪ್ಪಟ ಹುಬ್ಬಳ್ಳಿ ಕನ್ನಡವನ್ನೇ ಆಡುತ್ತಿದ್ದರು. ಅವ್ವನಿಗೆ ಅದೇ ದೊಡ್ಡ ಆಧಾರ. ಮರಾಠಿಯಲ್ಲಿ ತಡವರಿಸುತ್ತಿದ್ದ ಅವಳು ಕಾಕಾ ಮೆಟ್ಟಿಲಿಳಿಯುವ ಸದ್ದು ಕೇಳಿದರೆ ಸಾಕು, ಮಾತಿಗೆ ನಿಂತುಬಿಡುತ್ತಿದ್ದಳು.

ಶನಿವಾರ ಅವರು ಒಲೆ ಹಚ್ಚುತ್ತಿರಲಿಲ್ಲ, ಎಲ್ಲಿಗೂ ಗಾಡಿಯಲ್ಲಿ ಹೋಗುತ್ತಿರಲಿಲ್ಲ. ಸಂಜೆ ಮೂರು ಚುಕ್ಕೆ ಕಂಡ ಮೇಲೆ ಕಾಕಾ ದೀಪ ಹಚ್ಚಿ, ಕಾಮಕಸ್ತೂರಿಯ ಕಡ್ಡಿಯೊಂದನ್ನು ಮೂಸಿ, ಏನೋ ಹೇಳಿಕೊಂಡು, ಅದನ್ನು ಕಾಕುವಿಗೆ ಕೊಡುತ್ತಿದ್ದರು. ನಾನು ಮೆಟ್ಟಿಲ ಮೇಲೆ ಓದುತ್ತಾ ಕುಳಿತಿದ್ದರೆ ಕಡ್ಡಿ ನನ್ನವರೆಗೂ ಬರುತ್ತಿತ್ತು.

“ತಗೊಳ್ರಿ ಗಾರ್ಡ್ ಸಾಹೇಬ್ರ, ವಾರ ಸುರು ಆತು. ಟೈಮ್ ಬರಕೊಳ್ರಿ.”

ಗಾರ್ಡ್ ಸಾಹೇಬ ಎಂದರೆ ನಾನು. ಎಲ್ಲದಕ್ಕೂ ವೇಳೆ ಬರೆದಿಡುವ, ಎಲ್ಲವನ್ನೂ ಎಣಿಸುವ ಚಟ ನನಗೆ ಹದಿನೈದನೆಯ ವಯಸ್ಸಿನಿಂದಲೂ ಇದೆ. ಗಾಡಿ ಯಾವ ಸ್ಟೇಷನ್ನಿಗೆ ಎಷ್ಟು ಗಂಟೆಗೆ ಬಂತು, ಎಷ್ಟಕ್ಕೆ ಬಿಟ್ಟಿತು ಎಂದು ಜನ್ಮವಿಡೀ ಬರೆದ ಕಾಕಾ ಅದನ್ನು ಕಂಡು ಬಹಳ ನಗುತ್ತಿದ್ದರು. ಒಮ್ಮೆ ನಾನು ಅವರ ಪ್ರಾರ್ಥನಾ ಮಂದಿರದ ಬಾಗಿಲಲ್ಲಿ ನಿಂತು, “ಇವತ್ತ ಏಳು ಮಂದಿ ಅದಾರ್ರಿ ಕಾಕಾ” ಎಂದುಬಿಟ್ಟೆ. ಅವರು ತುಟಿಯ ಮೇಲೆ ಬೆರಳಿಟ್ಟರು.

“ಮಂದೀನ ಹಂಗ ಎಣಸಬಾರದೋ. ಅವೇನ ಕುರೀ ಏನು?”

ಅವರಲ್ಲಿ ಮನುಷ್ಯರನ್ನು ಒಂದು, ಎರಡು ಎಂದು ಎಣಿಸುವುದಿಲ್ಲ. ಅವರ ಪ್ರಾರ್ಥನೆಯಲ್ಲಿ ಹತ್ತೇ ಪದಗಳ ಒಂದು ಸಾಲಿದೆ. ಬಂದವರ ಮೇಲೆ ಒಂದೊಂದು ಪದ ಇಡುತ್ತಾ ಹೋಗುತ್ತಾರೆ. ಸಾಲು ಮುಗಿದರೆ ಅವರ ಜನದವರೇ ಆದ ಹತ್ತು ಗಂಡಸರು ಸೇರಿದರು ಎಂದು ಅರ್ಥ. ಹತ್ತಕ್ಕೆ ಕಡಿಮೆಯಾದರೆ ಕೆಲವು ಪ್ರಾರ್ಥನೆಗಳನ್ನು ಹೇಳುವ ಹಾಗಿಲ್ಲ. ಮನೆಗೆ ಬಂದು ಅವ್ವನಿಗೆ ಹೇಳಿದಾಗ ಅವಳಿಗೆ ಇದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. “ನಮ್ಮಲ್ಲಿ ಜ್ವಾಳ ಅಳೀಬೇಕಾದ್ರ ಮೊದಲನೇದಕ್ಕ ಒಂದ ಅಂತೀವೇನು? ಲಾಭ ಅಂತೀವಿ. ಹಾಂಗೇ ಅದ” ಎಂದಳು.

ಕಾಕು ಮರಾಠಿಯಲ್ಲೇ ಮಾತಾಡುತ್ತಿದ್ದರು, ಅದೂ ಕಡಿಮೆ. ಅವರ ನೆನಪು ಬಂದಾಗಲೆಲ್ಲ ನನಗೆ ಮೊದಲು ಕೇಳಿಸುವುದು ಹೊಲಿಗೆ ಯಂತ್ರದ ಸದ್ದು… ಕಿಟಕಿಯ ಪಕ್ಕ ಕುಳಿತು ಬಿಳಿ ಟೋಪಿಗಳನ್ನು ಹೊಲಿಯುತ್ತಿದ್ದರು. ಮಂದಿರದೊಳಗೆ ಯಾವ ಗಂಡಸೂ ಬರಿತಲೆಯಲ್ಲಿ ಹೋಗುವಂತಿಲ್ಲ. ಹರಕೆ ತೀರಿಸಿದಾಗ ಅವರ ಮನೆಯಲ್ಲಿ ಅವಲಕ್ಕಿಗೆ ಬೆಲ್ಲ, ಕಾಯಿತುರಿ, ಏಲಕ್ಕಿ ಕಲಸಿ ಮಲಿದಾ ಮಾಡುತ್ತಿದ್ದರು. ನಮ್ಮ ಪಾಲು ಒಂದು ತಟ್ಟೆ ತುಂಬ ಕೆಳಗೆ ಬರುತ್ತಿತ್ತು.

ಒಂದು ಮಳೆಗಾಲ ಕಾಕು ತೀರಿಕೊಂಡರು. ಅವರಿಗೆ ಮಕ್ಕಳಿರಲಿಲ್ಲ. ಕೊನೆಯ ದಿನಗಳಲ್ಲಿ ಅವರು ಗಂಡನ ಹತ್ತಿರ ಕೇಳಿಕೊಂಡದ್ದು ಒಂದೇ. ವರ್ಷದ ದಿನ ಹತ್ತು ಮಂದಿಯನ್ನು ಕೂಡಿಸಿ ತನಗಾಗಿ ಕದ್ದೀಶ್ ಹೇಳಬೇಕು, ಅದೊಂದು ದಿನ ಸಾಕು ಎಂದು. ಕದ್ದೀಶ್ ಅವರಲ್ಲಿ ಸತ್ತವರಿಗಾಗಿ ಹೇಳುವ ಪ್ರಾರ್ಥನೆ. ಕಾಕಾ ಹೇಳಿದ ಪ್ರಕಾರ ಅದರಲ್ಲಿ ಸಾವಿನ ಮಾತೇ ಇಲ್ಲ, ದೇವರ ಹೊಗಳಿಕೆ ಅಷ್ಟೇ.

“ಹಂಗಾದ್ರ ಮನ್ಯಾಗ ಒಬ್ಬರ ಕೂತು ಹೇಳಬಾರದೇನ್ರಿ?” ಎಂದು ನಾನು ಕೇಳಿದ್ದೆ.

“ಒಬ್ಬಾಂವ ಹೇಳಿದ್ರ ಆಮೆನ್ ಅನ್ನಾವ್ರು ಯಾರು? ಗ್ವಾಡೀನ?”

ಹತ್ತು ಮಂದಿ ಸೇರುವುದು ಸುಲಭವಾಗಿರಲಿಲ್ಲ. ಹಬ್ಬದ ದಿನ ತುಂಬುತ್ತಿದ್ದ ಮಂದಿರದಲ್ಲಿ ಉಳಿದ ದಿನ ಆರೇಳು ಜನ. ಎಷ್ಟೋ ಕುಟುಂಬಗಳು ಇಸ್ರೇಲಿಗೆ ಹೋಗಿದ್ದವು, ಇನ್ನು ಕೆಲವು ಮುಂಬೈಗೆ. ಕಾಕುವಿನ ವರ್ಷದ ದಿನ ಅವರ ಪಂಚಾಂಗದ ಪ್ರಕಾರ ಗುರುವಾರ ಬಂತು. ಅವರ ದಿನ ಸೂರ್ಯ ಮುಳುಗುವುದರಿಂದ ಸೂರ್ಯ ಮುಳುಗುವವರೆಗೆ. ಕೆಲಸಕ್ಕೆ ಹೋಗುವವರು ಬೆಳಗ್ಗೆ ಬರಲಾರರು. ಆದ್ದರಿಂದ ಗುರುವಾರ ಸಂಜೆ ಸೂರ್ಯ ಮುಳುಗುವ ಮೊದಲಿನ ಪ್ರಾರ್ಥನೆಯಲ್ಲಿ ಹೇಳುವುದೆಂದು ಕಾಕಾ ನಿಶ್ಚಯಿಸಿದರು. ಫೋನ್ ಮಾಡುವ ಕೆಲಸ ನಾನು ವಹಿಸಿಕೊಂಡೆ. ನನ್ನ ಪಟ್ಟಿಯಲ್ಲಿ ಹದಿನಾಲ್ಕು ಹೆಸರು. ಬರುತ್ತೇನೆ ಎಂದವರು ಕಾಕಾ ಸೇರಿ ಹನ್ನೊಂದು.

ಹನ್ನೆರಡನೆಯವರು ಖರಾಡಿಯಲ್ಲಿದ್ದ ನಿವೃತ್ತ ಡ್ರಾಯಿಂಗ್ ಮಾಸ್ತರರು. ಅವರಿಗೆ ಮೊಣಕಾಲು ನೋವು. ಜನ ಕಡಿಮೆ ಬಿದ್ದರೆ ಮಾತ್ರ ಕರಿ, ರಿಕ್ಷಾ ಹಿಡಿದು ಬರುತ್ತೇನೆ ಎಂದಿದ್ದರು.

ಹಿಂದಿನ ದಿನ ಕಾಕಾ ಟ್ರಂಕಿನಿಂದ ಟೋಪಿಗಳನ್ನು ತೆಗೆದರು. ಕಾಕು ಹೊಲಿದವುಗಳಲ್ಲಿ ಚೆನ್ನಾಗಿದ್ದವು ಹತ್ತು. ಅವ್ವ ಒಗೆದಳು, ನಾನು ಇಸ್ತ್ರಿ ಮಾಡಿದೆ. ಬಂದವರೆಲ್ಲ ಅವತ್ತು ಅವನ್ನೇ ಹಾಕಿಕೊಳ್ಳಬೇಕು ಎಂಬುದು ಕಾಕಾರ ಆಸೆ. ಆಗ ನನಗೆ ಒಂದು ಉಪಾಯ ಹೊಳೆಯಿತು. ಬಾಗಿಲ ಬಳಿಯ ಮೇಜಿನ ಮೇಲೆ ಹತ್ತನ್ನೂ ಇಟ್ಟರೆ, ಮೇಜು ಖಾಲಿಯಾದಾಗ ಹತ್ತು ಮಂದಿ ಬಂದಂತಾಯಿತು. ಮನುಷ್ಯರನ್ನು ಎಣಿಸಿದ ದೋಷವೂ ಇಲ್ಲ.

ಕಾಕಾ ಜೋರಾಗಿ ನಕ್ಕರು. “ಭಾಳ ಶಾಣ್ಯಾ ಅದಿ ನೀ. ಟೋಪಿ ಎಣಸಾಕ ಯಾರ ಅಡ್ಡಿನೂ ಇಲ್ಲ.”

ಅವತ್ತಿನ ಪುಟ ಈಗ ನನ್ನ ಎದುರಿಗಿದೆ. 5.30ಕ್ಕೆ ನಾನು ಮಂದಿರಕ್ಕೆ ಹೋದೆ, ಟೋಪಿಗಳನ್ನು ಮೇಜಿನ ಮೇಲಿಟ್ಟೆ, ಒಳಗೆ ಬೆಂಚುಗಳನ್ನು ಒರೆಸಿದೆ. 5.50ಕ್ಕೆ ಕಾಕಾ ಬಂದು ಒಂದು ಟೋಪಿ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕುಳಿತರು. ಜೋರು ಮಳೆ. 6.05ಕ್ಕೆ ಪ್ರಾರ್ಥನೆ ನಡೆಸುವ ಹಿರಿಯರು. 6.20ರೊಳಗೆ ಇನ್ನೂ ಐವರು. ಒಬ್ಬರಿಗೆ ಜ್ವರ ಎಂದು ಫೋನ್ ಬಂತು, ಇನ್ನೊಬ್ಬರು ಕಚೇರಿಯಿಂದ ಬಿಡುತ್ತಿಲ್ಲ ಎಂದರು. 6.42ಕ್ಕೆ ಭೋಸರಿಯ ಕಡೆಯ ಇಬ್ಬರು ಒಂದೇ ಬೈಕಿನಲ್ಲಿ ತೊಯ್ದು ಬಂದು, ಉಳಿದಿದ್ದ ಎರಡು ಟೋಪಿಗಳನ್ನು ಎತ್ತಿಕೊಂಡರು. ಮೇಜು ಖಾಲಿಯಾಯಿತು. ಆ ಖುಷಿಯನ್ನು ನಾನು ಇವತ್ತಿಗೂ ಮರೆತಿಲ್ಲ.

6.44ಕ್ಕೆ ಖರಾಡಿಯ ಮಾಸ್ತರರ ಫೋನ್. ಬೂಟು ಹಾಕಿಕೊಂಡು ಕುಳಿತಿದ್ದರಂತೆ. “ನಿಘೂ ಕಾ ಬಾಳಾ? ಹೊರಡಲಾ?”

“ಬೇಡ ಸರ್, ಎಲ್ಲರೂ ಬಂದ್ರು. ಈ ಮಳೆಯಲ್ಲಿ ನೀವು ಬರಬೇಡಿ” ಎಂದು ಮರಾಠಿಯಲ್ಲಿ ಹೇಳಿದೆ. ಫೋನು ಇಟ್ಟು ಒಳಗೆ ಹೋಗಿ, ಮುಂದಿನ ಸಾಲಿಗೆ ಕೇಳುವಂತೆ, “ಮೇಜು ಖಾಲಿ ಆತ್ರಿ ಕಾಕಾ” ಎಂದೆ. ಕಾಕಾ ತಿರುಗಲಿಲ್ಲ. ಹೆಗಲು ಸ್ವಲ್ಪ ಕೆಳಗಿಳಿದದ್ದು ಮಾತ್ರ ಕಂಡಿತು, ಬಹಳ ಹೊತ್ತು ಹೊತ್ತಿದ್ದನ್ನು ಕೆಳಗಿಟ್ಟವರ ಹಾಗೆ.

ಹಿರಿಯರು ಎದ್ದು ನಿಂತು, ಒಬ್ಬೊಬ್ಬರ ಕಡೆ ಕೈ ತೋರಿಸುತ್ತಾ ಆ ಹತ್ತು ಪದಗಳ ಸಾಲು ಹೇಳತೊಡಗಿದರು. ಒಂಬತ್ತನೆಯ ಪದಕ್ಕೆ ಜನ ಮುಗಿದರು. ಅವರು ಮತ್ತೆ ಮೊದಲಿನಿಂದ ಹೇಳಿದರು. ಮತ್ತೆ ಒಂಬತ್ತಕ್ಕೇ ನಿಂತಿತು. ಅವರ ಕಣ್ಣು ಸಾಲುಗಳನ್ನು ದಾಟಿ, ಕೊನೆಯ ಬೆಂಚಿನ ಹತ್ತಿರ ನಿಂತಿದ್ದ ನನ್ನ ಮೇಲೆ ಬಂದು ನಿಂತಿತು.

ನನ್ನ ಕೈ ತಾನಾಗಿಯೇ ತಲೆಗೆ ಹೋಯಿತು.

ಬೆಂಚು ಒರೆಸಲು ಒಳಗೆ ಹೋಗುವಾಗ, 5.30ಕ್ಕೆ, ಮೊದಲನೆಯ ಟೋಪಿಯನ್ನು ತೆಗೆದುಕೊಂಡವನು ನಾನೇ. ಅಲ್ಲಿಗೆ ಹೋದಾಗಲೆಲ್ಲ ಹಾಕಿಕೊಂಡು ಅಭ್ಯಾಸವಾಗಿತ್ತು, ಹಾಕಿಕೊಂಡೆ. ಎಲ್ಲವನ್ನೂ ಬರೆದಿಡುವ ನಾನು ಅದನ್ನು ಬರೆದಿರಲಿಲ್ಲ.

ನಾಚಿಕೆಯಿಂದ ಟೋಪಿ ತೆಗೆಯಲು ಹೋದೆ. ಅಷ್ಟು ಹೊತ್ತಿಗೆ ಕಾಕಾ ತಿರುಗಿ ನೋಡಿದ್ದರು.

“ತೆಗೀಬ್ಯಾಡೋ” ಎಂದರು. “ಒಳಗ ಬರೇ ತಲೀಲೆ ನಿಂದ್ರಬಾರದು.”

ಹೊರಗೆ ಓಡಿ ಮಾಸ್ತರರಿಗೆ ಫೋನ್ ಮಾಡಿದೆ. ಅವರು ಯಾಕೆ, ಏನು ಎಂದು ಕೇಳದೆ ಹೊರಟರು. ಆದರೆ ಖರಾಡಿಯಿಂದ ಪೇಟೆಗೆ, ಮಳೆಯಲ್ಲಿ, ಆಫೀಸು ಬಿಡುವ ವೇಳೆಯಲ್ಲಿ… ಒಳಗೆ ಅವರು ಹತ್ತು ಮಂದಿ ಬೇಡದ ಕೀರ್ತನೆಗಳನ್ನು ಮರಾಠಿಯಲ್ಲಿ ಓದುತ್ತಾ ಕಾದರು. ನಾನು ಗೇಟಿನಲ್ಲಿ ನಿಂತಿದ್ದೆ. ಮೋಡದ ಹಿಂದೆ ಸೂರ್ಯ ಕಾಣುತ್ತಲೇ ಇರಲಿಲ್ಲ. ಪತ್ರಿಕೆಯಲ್ಲಿ ಕೊಟ್ಟಿದ್ದ ವೇಳೆ 7.11. ನನ್ನ ಗಡಿಯಾರ ಅದನ್ನು ತೋರಿಸಿದಾಗ ಒಳಗೆ ಓದುವ ದನಿ ನಿಂತಿತು. ಭೋಸರಿಯ ಇಬ್ಬರಿಗೂ ಪಾಳಿಗೆ ಹೊತ್ತಾಗಿತ್ತು. ಕಾಕಾರ ಕೈ ಹಿಡಿದು ಮಾಫಿ ಕೇಳಿ ಹೊರಟರು. 7.32ಕ್ಕೆ ಮಾಸ್ತರರು ರಿಕ್ಷಾದಿಂದ ಕಷ್ಟಪಟ್ಟು ಇಳಿದು, ಮೊಣಕಾಲು ಹಿಡಿದುಕೊಂಡೇ, “ಝಾಲಂ ಕಾ ಸುರೂ?” ಎಂದು ಕೇಳಿದರು. ಸುರುವಾಯಿತೇ ಎಂದು. ನಾನು ಅವರ ಮುಖ ನೋಡಲಿಲ್ಲ.

ಮನೆಗೆ ಹೋಗುವಾಗ ಒಂದೇ ಕೊಡೆಯಲ್ಲಿ ನಡೆದೆವು. “ನಂದ ತಪ್ಪು ಆತ್ರಿ ಕಾಕಾ” ಎಂದೆ, ಎರಡು ಸಲವೋ ಮೂರು ಸಲವೋ. ಅದನ್ನು ಬರೆದಿಲ್ಲ. ವಾಡೆಯ ಬಾಗಿಲಿಗೆ ಬಂದ ಮೇಲೆ ಅವರು ಕೊಡೆ ಮಡಚಿ ನೀರು ಝಾಡಿಸಿದರು.

“ಬರೂ ವರ್ಷ ಹನ್ನೊಂದ ಟೋಪಿ ಇಡ್ರಿ, ಗಾರ್ಡ್ ಸಾಹೇಬ್ರ.”

ಅಷ್ಟು ಹೇಳಿ ಮೇಲೆ ಹೋದರು. ಮೆಟ್ಟಿಲ ತಿರುವಿನಲ್ಲಿ ಅವರು ನಿಂತದ್ದು ಕೇಳಿಸಿತು. ಆಮೇಲೆ ಬಾಗಿಲ ಸದ್ದು.

ಅವ್ವ ಹಳೆಯ ಬಿಳಿ ಪಂಚೆಯೊಂದನ್ನು ಕತ್ತರಿಸಿ, ಕಾಕುವಿನ ಟೋಪಿಯನ್ನೇ ಅಳತೆಗಿಟ್ಟು ಹನ್ನೊಂದನೆಯದನ್ನು ಕೈಯಲ್ಲೇ ಹೊಲಿದು ಮೇಲೆ ಕೊಟ್ಟುಬಂದಳು. ಕಾಕಾ ಅದನ್ನು ತಿರುಗಿಸಿ ನೋಡಿ, “ಹೊಲಗಿ ಸೊಟ್ಟ ಆಗೇತಿ ಬಿಡ್ರಿ ಅಕ್ಕಾರ, ನನ್ನ ಹೇಂತಿ ಇದ್ದಿದ್ರ ಬಿಚ್ಚಸ್ತಿದ್ಲು” ಎಂದರಂತೆ. ಅವ್ವ ನಗುತ್ತಾ ಹೇಳಿದಳು. ಹೇಳಿ ಮುಗಿಸುವ ಹೊತ್ತಿಗೆ ನಗು ಇರಲಿಲ್ಲ.

ಆ ಬರುವ ವರ್ಷ ನಮ್ಮ ಪಾಲಿಗೆ ಬರಲಿಲ್ಲ. ಚಳಿಗಾಲದಲ್ಲಿ ವಾಡೆಯನ್ನು ಕೆಡವಿ ಕಟ್ಟಡ ಕಟ್ಟುತ್ತೇವೆಂದು ಮಾಲೀಕರು ಎಲ್ಲರನ್ನೂ ಬಿಡಿಸಿದರು. ನಾವು ಬಿಬವೇವಾಡಿಗೆ ಬಂದೆವು. ಕಾಕಾ ಮುಂಬೈ ಹತ್ತಿರದ ಠಾಣೆ ಪಟ್ಟಣದಲ್ಲಿದ್ದ ತಂಗಿಯ ಮನೆಗೆ ಹೋದರು. ಟ್ರಂಕನ್ನು ಟೆಂಪೋಗೆ ಏರಿಸಿದವನು ನಾನೇ. ಮೊದಲು ಹದಿನೈದು ದಿನಕ್ಕೊಮ್ಮೆ ಫೋನಿನಲ್ಲಿ ಮಾತಾಡುತ್ತಿದ್ದೆವು. ಆಮೇಲೆ ನನಗೆ ಪರೀಕ್ಷೆ, ಭೋಸರಿಯಲ್ಲಿ ನೌಕರಿ. ಡೈರಿಯಲ್ಲಿ ಅವರ ಫೋನಿನ ಗುರುತುಗಳು ದೂರ ದೂರ ಆಗುತ್ತಾ ಹೋಗಿವೆ. ಕೊನೆಯ ಗುರುತು ಜೂನ್ ಮೊದಲ ವಾರದ್ದು. ತಂಗಿಯ ಮಕ್ಕಳು ಇಸ್ರೇಲಿಗೆ ಹೋಗುವ ಯೋಚನೆಯಲ್ಲಿದ್ದಾರೆ ಎಂದಿದ್ದರು. ತಾವು ಹೋಗುವುದಾಗಿ ಹೇಳಲಿಲ್ಲ, ಹೋಗುವುದಿಲ್ಲ ಎಂದೂ ಹೇಳಲಿಲ್ಲ. ವರ್ಷದ ದಿನದ ಮಾತನ್ನು ನಾನು ಎತ್ತಬೇಕಿತ್ತು. ಎತ್ತಲಿಲ್ಲ, ಹೆದರಿಕೆ. ಮಳೆ ಹಿಡಿದ ಮೇಲೆ ಧೈರ್ಯ ಮಾಡಿ ಫೋನ್ ಮಾಡಿದೆ, ನಂಬರು ಬಂದ್ ಆಗಿತ್ತು. ಮಂದಿರಕ್ಕೆ ಹೋಗಿ ಕೇಳಿದೆ. ಹಿರಿಯರು ತೀರಿಕೊಂಡಿದ್ದರು. ಗೇಟಿನ ಹೊಸ ಕಾವಲುಗಾರನಿಗೆ ಕಾಕಾ ಯಾರೆಂದೇ ತಿಳಿಯಲಿಲ್ಲ. ಖರಾಡಿಯ ಮಾಸ್ತರರ ಮನೆಯಲ್ಲಿ ಬೇರೆಯವರಿದ್ದರು.

ಈಗ ಗಂಟೆ 10.15. ಅವ್ವ ಎರಡು ಸಲ ಚಹಾ ಇಟ್ಟು ಹೋದಳು. ಬರೆದದ್ದನ್ನು ಕನ್ನಡ ಪತ್ರಿಕೆಯೊಂದಕ್ಕೆ ಕಳಿಸುತ್ತೇನೆ.

ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಅವರ ನೆರೆಯಲ್ಲಿದ್ದವರು, ಅವರ ಗಾಡಿಯಲ್ಲಿ ಕೆಲಸ ಮಾಡಿದವರು, ಠಾಣೆಯಲ್ಲಿ ಅವರನ್ನು ಬಲ್ಲ ಕನ್ನಡದವರು ಯಾರಾದರೂ ಇದನ್ನು ಓದುತ್ತಿರಬಹುದು. ಕಾಕಾ ಇದ್ದಾರೆಯೇ ಎಂದು ನಾನು ಕೇಳುತ್ತಿಲ್ಲ. ಕೇಳುವ ಧೈರ್ಯ ಈಗಲೂ ಇಲ್ಲ. ಆ ಗುರುವಾರದ ನಂತರ, ಯಾವ ವರ್ಷವಾದರೂ ಸರಿ, ಯಾವ ಊರಾದರೂ ಸರಿ, ಅವರು ಹತ್ತು ಮಂದಿಯ ನಡುವೆ ಎದ್ದು ನಿಂತು ಕಾಕುವಿಗಾಗಿ ಆ ಪ್ರಾರ್ಥನೆ ಹೇಳಿದ್ದನ್ನು ನೀವು ಕೇಳಿದ್ದರೆ, ಆಮೆನ್ ಎಂದವರನ್ನು ನೀವು ಬಲ್ಲಿರಾದರೆ, ಈ ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆಯಿರಿ. ತಾರೀಖು ಗೊತ್ತಿಲ್ಲದಿದ್ದರೂ ಪರವಾಗಿಲ್ಲ.