ಇಳಿಸದ ಶ್ರುತಿ

ಅಂದು ಚಿತ್ರದುರ್ಗದ ನಾಟಕದಲ್ಲಿ ನಾನು ಶ್ರುತಿ ಇಳಿಸಲಿಲ್ಲ. ಇಳಿಸಿದ್ದೇನೆ ಎಂದು ಹೇಳಿ, ಇಳಿಸದೆ ನುಡಿಸಿದೆ. ನನ್ನ ಮಾತು ನಂಬಿ ಹಾಡಿದ ಹುಡುಗ ಆಮೇಲೆ ಎಂದೂ ಬಾಯಿ ತೆರೆದು ಹಾಡಿಲ್ಲ — ಹೇಳಬೇಕಾದದ್ದು ಇಷ್ಟೇ. ಇಷ್ಟನ್ನು ಹೇಳಲು ಕೂದಲು ಪೂರ್ತಿ ಬೆಳ್ಳಗಾಗಬೇಕಾಯಿತು. ಈಗಲೂ ಎದುರು ನಿಂತು ಹೇಳಲಾರದೆ ಮೊದಲು ಬರೆದು ನೋಡುತ್ತಿದ್ದೇನೆ.

ನಾನು ನಾಟಕ ಕಂಪನಿಯೊಂದರಲ್ಲಿ ಹಾರ್ಮೋನಿಯಂ ಮೇಷ್ಟ್ರಾಗಿದ್ದೆ. ಕಂಪನಿ ದೊಡ್ಡದಲ್ಲ. ಹೊಸದುರ್ಗ, ಹೊಳಲ್ಕೆರೆ, ದುರ್ಗ, ಹಿರಿಯೂರು — ಇಷ್ಟರಲ್ಲೇ ಗಾಡಿ ಕಟ್ಟಿಕೊಂಡು ತಿರುಗುತ್ತಿದ್ದೆವು. ಊರ ಹೊರಗೆ ತಗಡಿನ ಥಿಯೇಟರು ಎಬ್ಬಿಸುವುದು, ಜನ ಬರುವಷ್ಟು ದಿನ ಆಡುವುದು, ಜನ ಕಡಿಮೆಯಾದರೆ ತಗಡು ಬಿಚ್ಚುವುದು. ನನ್ನ ಬೆರಳುಗಳ ಬಗ್ಗೆ ನನಗೆ ವಿಪರೀತ ಜಂಬವಿತ್ತು. ಅದರ ಜೊತೆಗೆ ಮೂಗಿನ ತುದಿಯಲ್ಲಿ ಸಿಟ್ಟು. ಹೆಂಡತಿ ಮಕ್ಕಳು ಇರಲಿಲ್ಲ. ಇದ್ದದ್ದು ಮರುಳಸಿದ್ಧ.

ಅವನನ್ನು ನಾನು ಮೊದಲು ಕಂಡದ್ದು ಹಾಲುರಾಮೇಶ್ವರದಲ್ಲಿ. ಹರಕೆ ತೀರಿಸಲು ಅಪ್ಪನ ಜೊತೆ ಬಂದಿದ್ದ ರೈತರ ಮನೆಯ ಹುಡುಗ. ದೇವಸ್ಥಾನದ ಜಗಲಿಯಲ್ಲಿ ಕಾಲು ಇಳಿಬಿಟ್ಟು ಯಾರಿಗೂ ಅಲ್ಲದೆ ಹಾಡಿಕೊಳ್ಳುತ್ತಿದ್ದ. ನಾನು ಕೈಯಲ್ಲಿದ್ದ ಪ್ರಸಾದ ಹಾಗೇ ಹಿಡಿದುಕೊಂಡು ನಿಂತುಬಿಟ್ಟೆ. ಆಮೇಲೆ ಅವನ ಅಪ್ಪನನ್ನು ಕಾಡಿ ಬೇಡಿ ಒಪ್ಪಿಸಿದೆ. “ನಿಮ್ಮ ಕೈಯಾಗೆ ಹಾಕ್ತಿದೀನಿ ಮೇಷ್ಟ್ರೇ, ನಿಮ್ಮ ಮಗ ಅಂತ ತಿಳ್ಕಳ್ರಿ” ಎಂದು ಆ ಮನುಷ್ಯ ಹುಡುಗನ ಕೈಯನ್ನು ನನ್ನ ಕೈಗೆ ಕೊಟ್ಟ. ನಾನು ಹೂಂ ಎಂದೆ.

ಎರಡು ಮೂರು ವರ್ಷದಲ್ಲಿ ಅವನು ‘ಮಾಸ್ಟರ್ ಮರುಳಸಿದ್ಧ’ ಆದ. ಆಗ ಹೆಣ್ಣು ಪಾತ್ರಗಳನ್ನು ಹುಡುಗರೇ ಮಾಡುತ್ತಿದ್ದರಲ್ಲ — ಇವನು ಸೀರೆ ಉಟ್ಟು ಬಂದು ನಿಂತರೆ ಸಿಳ್ಳೆ ಹೊಡೆಯುವ ಪುಂಡರೂ ಕೈಕಟ್ಟಿ ಕೂರುತ್ತಿದ್ದರು. ಹ್ಯಾಂಡ್‌ಬಿಲ್ಲಿನಲ್ಲಿ ನಾಟಕದ ಹೆಸರಿಗಿಂತ ಅವನ ಹೆಸರು ದಪ್ಪಕ್ಷರದಲ್ಲಿ ಅಚ್ಚಾಗತೊಡಗಿತು. ಹೊಳಲ್ಕೆರೆಯ ಬಳೆಗಾರರು ‘ಮರುಳನ ಬಳೆ’ ಎಂದು ಕೂಗಿ ಮಾರಿದರು. ಅವನು ಜಡೆ ಹೆಣೆದುಕೊಳ್ಳುತ್ತಿದ್ದ ರೀತಿಯಲ್ಲೇ ಮದುವೆಮನೆಯ ಹೆಣ್ಣುಗಳು ಜಡೆ ಹೆಣೆಸಿಕೊಳ್ಳುತ್ತಿದ್ದರು. ಹಗಲು ಹೊತ್ತು ಅವನು ಚಡ್ಡಿ ಹಾಕಿಕೊಂಡು ಗೋಲಿ ಆಡುತ್ತಿದ್ದರೆ ಅವನೇ ಇವನೆಂದು ಯಾರೂ ನಂಬುತ್ತಿರಲಿಲ್ಲ. ನಾನು ದೂರ ಕುಳಿತು ನೋಡುತ್ತಾ, ಇದೆಲ್ಲ ನಾನು ಮಾಡಿದ್ದು, ಅಂದುಕೊಳ್ಳುತ್ತಿದ್ದೆ.

ಜನ ಬರುತ್ತಿದ್ದದ್ದು ಕೊನೆಯ ಅಂಕದ ಒಂದು ಹಾಡಿಗೆ. ಕಾಡುಪಾಲಾದ ರಾಣಿ ಗಂಡನನ್ನು ಕೂಗಿ ಕರೆಯುವ ಹಾಡು. ಅದರಲ್ಲಿ ದನಿ ತಾರಸ್ಥಾಯಿಗೆ ಏರಿ ಅಲ್ಲೇ ನಿಲ್ಲಬೇಕು. ಮರುಳ ಅಲ್ಲಿ ನಿಂತರೆ ಥಿಯೇಟರಿನಲ್ಲಿ ಉಸಿರಾಟ ಕೇಳಿಸುತ್ತಿರಲಿಲ್ಲ. ಇಳಿದು ಬಂದ ಕೂಡಲೆ “ಒನ್ಸ್ ಮೋರ್!” ಜನ ಒನ್ಸ್ ಮೋರ್ ಅಂದರೆ ಮತ್ತೆ ಹಾಡಲೇಬೇಕು. ನಾಟಕ ನಿಂತರೂ ಚಿಂತೆಯಿಲ್ಲ, ರಾಣಿ ಆಗಷ್ಟೇ ಸತ್ತುಬಿದ್ದಿದ್ದರೂ ಎದ್ದು ಹಾಡಬೇಕು. ಅದು ಕಂಪನಿಯ ಕಟ್ಟಳೆ.

ಮರುಳನಿಗೆ ಹದಿನೈದು ತುಂಬುವ ಹೊತ್ತಿಗೆ, ಹೊಳಲ್ಕೆರೆ ಕ್ಯಾಂಪಿನಲ್ಲಿ, ಒಂದು ದಿನ ಅವನು ನನ್ನನ್ನು ಬೇಲಿ ಮರೆಗೆ ಕರೆದ. ಮುಖ ಸಣ್ಣಗಾಗಿತ್ತು.

“ಮೇಷ್ಟ್ರೇ, ಮ್ಯಾಲಕ್ಕೆ ಹೋದ್ರೆ ಗಂಟ್ಲಾಗೆ ಏನೋ ಸಿಕ್ಕಂಡಂಗೆ ಆಗ್ತೈತೆ. ಯಾರಿಗೂ ಹೇಳ್ಬ್ಯಾಡ್ರಿ.”

ಗಂಡುಮಕ್ಕಳ ಗಂಟಲು ಒಡೆಯುವ ಕಾಲ ಅದು. ನನಗೆ ಗೊತ್ತಿತ್ತು. ಒಂದು ವರ್ಷ ಜೋಪಾನ ಮಾಡಿದರೆ ಹುಡುಗನ ದನಿ ಹೋಗಿ ಗಂಡಸಿನ ದನಿ ಬರುತ್ತದೆ, ಅದೂ ಒಳ್ಳೆಯದೇ ಬರಬಹುದು — ಇದೂ ಗೊತ್ತಿತ್ತು. ಅವನಿಗೆ ಅಷ್ಟನ್ನು ಹೇಳಲಿಲ್ಲ. “ಶ್ರುತಿ ಎರಡು ಮನೆ ಇಳಿಸ್ತೀನಿ ಬಿಡೋ, ಯಾವ ನನ್ಮಗನಿಗೂ ಗೊತ್ತಾಗಲ್ಲ” ಎಂದೆ. ಹಾರ್ಮೋನಿಯಂನ ಒಂದೊಂದು ಕೀಲಿಗೆ ನಾವು ಮನೆ ಅನ್ನುತ್ತೇವೆ. ನಿಜಕ್ಕೂ ಯಾರಿಗೂ ಗೊತ್ತಾಗಲಿಲ್ಲ. ಹಾಡಿಗೆ ಮೊದಲು ಅವನು ಸೈಡ್‌ವಿಂಗಿನಿಂದ ನನ್ನತ್ತ ನೋಡುವುದು, ಇಳಿಸಿದ್ದೇನೆ ಎಂದು ನಾನು ತಲೆ ಆಡಿಸುವುದು, ಅವನು ಧೈರ್ಯವಾಗಿ ಬರುವುದು. ಹೊಳಲ್ಕೆರೆಯ ಕ್ಯಾಂಪು ಹೀಗೇ ಸುಖವಾಗಿ ಮುಗಿಯಿತು.

ದುರ್ಗಕ್ಕೆ ಬಂದೆವು. ಕೋಟೆಯ ಕೆಳಗೆ ಬಯಲಿನಲ್ಲಿ ಥಿಯೇಟರು. ಒಂದು ಬೆಳಿಗ್ಗೆ ನಾನು ಹಲ್ಲುಜ್ಜುತ್ತಿದ್ದಾಗ ಮರುಳ ಓಡಿಬಂದ.

“ಮೇಷ್ಟ್ರೇ, ಮೈಸೂರು ಕಡೆ ದೊಡ್ಡ ಕಂಪನಿ ಯಜಮಾನ್ರು ಬಂದಾರೆ! ಇವತ್ತು ನನ್ನ ಹಾಡು ಕೇಳಿ ಕರ್ಕಂಡೇ ಹೋಗ್ತಾರಂತೆ. ಅಲ್ಲಿ ಕರೆಂಟ್ ಲೈಟು ಐತಂತೆ, ಅರಮನೆಯಾಗೆ ಆಡ್ತಾರಂತೆ!”

ಇನ್ನೂ ಏನೇನೋ ಹೇಳಿದ. ನಾನು ಕಾಯುತ್ತಿದ್ದೆ — ಈಗ ಹೇಳುತ್ತಾನೆ, ಇನ್ನೊಂದು ಮಾತಿಗೆ ಹೇಳುತ್ತಾನೆ, ನೀವೂ ಬರ್ರಿ ಮೇಷ್ಟ್ರೇ, ಹೋಗಾಣ ಅಂತ. ಹೇಳಲಿಲ್ಲ. ಮರೆತಿದ್ದನೋ, ನಾನಂತೂ ಇದ್ದೇ ಇರುತ್ತೇನೆ ಅಂದುಕೊಂಡಿದ್ದನೋ — ಹದಿನೈದು ವರ್ಷದ ಹುಡುಗ, ಸಂತೋಷ ತಲೆಗೇರಿತ್ತು. ನಾನು ಬಾಯಿ ಮುಕ್ಕಳಿಸಿ ಉಗಿದು, ಒಳ್ಳೇದಾಯ್ತು ಬಿಡು ಎಂದೆ.

ಆ ಇಡೀ ದಿನ ನನ್ನೊಳಗೆ ಇದ್ದದ್ದನ್ನು ಚಂದ ಮಾಡಿ ಬರೆಯಲಾರೆ. ಹೊಟ್ಟೆಕಿಚ್ಚು. ಅವನು ಹೋದರೆ ನಾನು ಯಾರು ಎಂಬ ದಿಗಿಲು. ಇವತ್ತೊಂದು ದಿನ ಎಡವಲಿ, ಆ ಯಜಮಾನ ಎದ್ದು ಹೋಗಲಿ, ನಾಳೆ ಮತ್ತೆ ಇಳಿಸಿದರಾಯಿತು — ಇಷ್ಟು ಲೆಕ್ಕ ಹಾಕಿದ್ದೆ.

ಕೊನೆಯ ಅಂಕಕ್ಕೆ ಮೊದಲು ಅವನು ಬಣ್ಣ ಹಚ್ಚಿಕೊಂಡೇ ನನ್ನ ಹತ್ತಿರ ಬಗ್ಗಿದ. ಹಣೆಯಲ್ಲಿ ಬೆವರಿತ್ತು.

“ಇಳ್ಸಿದೀರಾ ಮೇಷ್ಟ್ರೇ?”

“ಇಳ್ಸಿದೀನಿ ಕಣೋ. ಧೈರ್ಯವಾಗಿ ಹಾಡು.”

ಇಳಿಸದ ಹಳೆಯ ಮನೆಯಲ್ಲೇ ಷಡ್ಜ ಹಿಡಿದೆ. ನಿಂತು ಹಾಡುವವನಿಗೆ ನನ್ನ ಬೆರಳು ಕಾಣುವುದಿಲ್ಲ. ಗಂಟಲು ಹಿಡಿತ ತಪ್ಪಿದ್ದ ಆ ವಯಸ್ಸಿನಲ್ಲಿ ಎತ್ತರ ಯಾವುದು, ತಗ್ಗು ಯಾವುದು ಎಂಬುದು ಅವನಿಗೇ ತಿಳಿಯುತ್ತಿರಲಿಲ್ಲ. ನನ್ನನ್ನು ನಂಬಿ ಹೊರಟ. ಮೇಲೇರಿದ. ನಿಲ್ಲಬೇಕಾದ ಜಾಗದಲ್ಲಿ ದನಿ ಸೀಳಿಹೋಯಿತು — ಹಳೆ ಬಟ್ಟೆ ಹರಿದ ಹಾಗೆ.

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಆ ನಗು ಮುಂದಕ್ಕೆ ಹಬ್ಬಿತು. ಆಮೇಲೆ ಒಬ್ಬ ಎದ್ದು ನಿಂತು, ಬೇಕೆಂದೇ, “ಒನ್ಸ್ ಮೋರ್!” ಎಂದು ಕೂಗಿದ. ಹತ್ತು ದನಿ, ನೂರು ದನಿ — ಒನ್ಸ್ ಮೋರ್, ಒನ್ಸ್ ಮೋರ್.

ಕಟ್ಟಳೆ ಕಟ್ಟಳೆಯೇ. ಮತ್ತೆ ಹಾಡಬೇಕು. ಮರುಳ ನನ್ನತ್ತ ನೋಡಿದ. ಇನ್ನೂ ಇಳಿಸಿ ಎಂದು ಕಣ್ಣಲ್ಲೇ ಬೇಡಿದ. ಆ ಕಣ್ಣು — ಇರಲಿ. ಆಗಲಾದರೂ ಇಳಿಸಬಹುದಿತ್ತು. ಎರಡು ಮನೆ, ಅಷ್ಟೇ, ಬೆರಳು ಸರಿಸಿದ್ದರೆ ಮುಗಿದಿತ್ತು. ನಾನು ತಲೆ ಆಡಿಸಿದೆ, ಇಳಿಸಿದೆ ಎಂಬಂತೆ. ಬೆರಳು ಸರಿಸಲಿಲ್ಲ.

ಎರಡನೆಯ ಸಲ ಅವನು ಪೂರ್ತಿ ಮೇಲಕ್ಕೂ ಹೋಗಲಿಲ್ಲ. ಅರ್ಧದಲ್ಲೇ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತ. ಮುಂದಿನ ಕುರ್ಚಿಯಲ್ಲಿದ್ದ ಮೈಸೂರಿನ ಯಜಮಾನ ಶಲ್ಯ ಹೆಗಲಿಗೆ ಹಾಕಿಕೊಂಡು ಎದ್ದು ಹೋದ. ನಾನು ಬಯಸಿದ್ದು ಅದನ್ನೇ.

ದುರ್ಗದಲ್ಲಿ ಆಮೇಲೆ ಜನ ಬರಲಿಲ್ಲ. ತಗಡು ಬಿಚ್ಚಿ ಹಿರಿಯೂರಿಗೆ ಗಾಡಿ ಕಟ್ಟಿದೆವು. ಐಮಂಗಲದ ಹತ್ತಿರ ಎತ್ತುಗಳಿಗೆ ನೀರು ಕುಡಿಸಲು ಗಾಡಿ ನಿಲ್ಲಿಸಿದಾಗ ಮರುಳ ಬಂದು ನನ್ನ ಪಕ್ಕ ಕುಳಿತ. ಬಿಸಿಲಿಗೆ ಮುಖದ ಬಣ್ಣದ ಕಲೆಗಳು ಎದ್ದು ಕಾಣುತ್ತಿದ್ದವು.

“ಮೇಷ್ಟ್ರೇ, ಒಂದು ಮಾತು ಕೇಳ್ತೀನಿ. ಸಿಟ್ಟು ಮಾಡ್ಕಬ್ಯಾಡ್ರಿ. ಅವತ್ತು ನಿಜವಾಗ್ಲೂ ಇಳ್ಸಿದ್ರಾ?”

ಇಲ್ಲ ಎಂಬ ಒಂದು ಮಾತು. ಒದೆಯುತ್ತಿದ್ದನೋ, ಉಗಿಯುತ್ತಿದ್ದನೋ, ನನ್ನನ್ನು ಬಿಟ್ಟು ಹೋಗುತ್ತಿದ್ದನೋ — ಆದರೆ ಅವನ ಗಂಟಲು ಅವನಿಗೆ ವಾಪಸ್ಸು ಸಿಗುತ್ತಿತ್ತು. ಬಿಟ್ಟು ಹೋಗುತ್ತಾನಲ್ಲ ಎಂಬುದೇ ನನಗೆ ದೊಡ್ಡದಾಯಿತು.

“ಇಳ್ಸಿದ್ದೆ ಕಣಪ್ಪ” ಎಂದೆ. “ಎರಡನೇ ಸಲ ಇನ್ನೂ ಒಂದು ಮನೆ ಇಳ್ಸಿದ್ದೆ.”

ಅವನು ಎದ್ದು ಎತ್ತಿನ ಹಗ್ಗ ಹಿಡಿದ. “ಹಂಗಾರೆ ಮುಗೀತು ಬಿಡ್ರಿ” ಎಂದ. “ಅಷ್ಟು ಇಳ್ಸಿದ್ರೂ ಆಗ್ಲಿಲ್ಲ ಅಂದ್ರೆ ನನ್ನ ಗಂಟ್ಲೇ ಹೋಗೈತೆ.”

ಹಿರಿಯೂರಿನಲ್ಲಿ ಅವನು ಸೀರೆ ಬಳೆಗಳನ್ನು ಮಡಿಸಿ ಪೆಟ್ಟಿಗೆಗೆ ಹಾಕಿ, ನನ್ನ ಕಾಲಿಗೆ ನಮಸ್ಕರಿಸಿ, ಊರ ಕಡೆಯ ಗಾಡಿ ಹತ್ತಿದ. ಯಾರನ್ನು ಹತ್ತಿರ ಇರಿಸಿಕೊಳ್ಳಬೇಕೆಂದು ಇಷ್ಟೆಲ್ಲ ಮಾಡಿದೆನೋ ಅವನೇ ಹೋದ. ಮಾಸ್ಟರ್ ಮರುಳಸಿದ್ಧ ಇಲ್ಲದ ಕಂಪನಿ ಮುಂದಿನ ಮಳೆಗಾಲ ಕಾಣಲಿಲ್ಲ. ನಾನು ದುರ್ಗದಲ್ಲಿ ನೆಲೆ ನಿಂತು, ಅಮಲ್ದಾರರ, ವಕೀಲರ ಮಕ್ಕಳಿಗೆ ಪಾಠ ಹೇಳುತ್ತಾ ಮುದುಕನಾದೆ. ಹೇಗೂ ಒಡೆಯುವ ಗಂಟಲು, ನಾನೇನು ಮಾಡಿದೆ — ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಒಡೆದದ್ದು ಗಂಟಲು. ಅದನ್ನು ಸತ್ತಿತು ಎಂದು ನಂಬಿಸಿದ್ದು ನಾನು.

ಹೋದ ತಿಂಗಳು, ಇನ್ನು ತಡೆಯಲಾರೆ ಅನ್ನಿಸಿ, ಹೇಳಿಯೇ ಬಿಡೋಣವೆಂದು ಮೋಟಾರು ಹತ್ತಿ ಹೊಸದುರ್ಗಕ್ಕೆ ಹೋದೆ. ಮರುಳ ಅಲ್ಲಿ ಕೊಬ್ಬರಿ ವ್ಯಾಪಾರಿ. ಮೈ ಬಂದಿದೆ, ಮೀಸೆ ಬಂದಿದೆ. ಮಾತಾಡಿದರೆ — ಎಂಥ ದನಿ! ಗಂಭೀರ, ತುಂಬಿದ ದನಿ. ಅಂಗಡಿಯಿಂದ ಎದ್ದು ಓಡಿಬಂದು ಕಾಲಿಗೆ ಬಿದ್ದ. “ಬರ್ರಿ ಮೇಷ್ಟ್ರೇ, ಕುಂತ್ಕಳ್ರಿ” ಎಂದು ಮನೆಗೆ ಕರೆದೊಯ್ದು ಹೆಂಡತಿಯನ್ನು ಕೂಗಿದ.

“ನಾನು ಹೇಳ್ತಿರ್ಲಿಲ್ವಾ, ಇವರೇ ನೋಡು! ಅವತ್ತು ದುರ್ಗದಾಗೆ ನನ್ನ ಮಾನ ಉಳ್ಸಾಕೆ ಅಂತ ಶ್ರುತಿ ಇಳ್ಸಿದ ಪುಣ್ಯಾತ್ಮರು.”

ಅವಳು ಕಣ್ಣಲ್ಲಿ ನೀರು ತುಂಬಿಕೊಂಡು ಕೈ ಮುಗಿದಳು. ಮನೆಯಲ್ಲಿ ಎಷ್ಟು ವರ್ಷದಿಂದ ನನ್ನ ಕಥೆ ಹೀಗೆ ನಡೆಯುತ್ತಿತ್ತೋ! ತಟ್ಟೆ ಇಟ್ಟರು, ಬಿಸಿ ಮುದ್ದೆ ಬಡಿಸಿದರು, ತುಪ್ಪ ಸುರಿದರು. ನಾನು ಕೂತು ಉಂಡೆ. ಗಂಟಲಲ್ಲಿ ಇಳಿಯಿತು ಕೂಡ.

ಆಗ ಹಿತ್ತಲಿಂದ ಹಾಡು ಕೇಳಿಸಿತು. ಅವನ ಮಗ, ಹದಿಮೂರರ ಹುಡುಗ, ಬಾವಿಯಿಂದ ನೀರು ಸೇದುತ್ತಾ ಯಾರಿಗೂ ಅಲ್ಲದೆ ಹಾಡಿಕೊಳ್ಳುತ್ತಿದ್ದ. ಹಾಲುರಾಮೇಶ್ವರದ ಜಗಲಿಯ ಅದೇ ದನಿ.

“ಏ, ಬಾಯ್ಮುಚ್ಚಲೇ!” ಎಂದು ಮರುಳ ಗದರಿದ. ಹುಡುಗ ಒಳಗೆ ಬಂದು ಕಂಬಕ್ಕೆ ಒರಗಿ ನಿಂತ. “ಎಷ್ಟು ಹೇಳಿದ್ರೂ ಕೇಳಲ್ಲ ಮೇಷ್ಟ್ರೇ. ನಮ್ಮನೆ ಗಂಟ್ಲು ಕೈಕೊಡೋ ಗಂಟ್ಲು, ನಂಬಿದ್ರೆ ನಾಕು ಜನದ ಮುಂದೆ ಮಾನ ತೆಗೀತೈತೆ ಅಂದ್ರೆ ಅಪ್ಪ ಸುಳ್ಳು ಹೇಳ್ತಾನೆ ಅಂತಾನೆ. ನೀವೇ ಹೇಳ್ರಿ ಇವನಿಗೆ. ಕಣ್ಣಾರೆ ಕಂಡೋರು.”

ಹುಡುಗ ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಏನಾದರೂ ಬೇರೆ ಹೇಳುತ್ತೇನೆಂದು ಆಸೆ ಇಟ್ಟುಕೊಂಡು ನೋಡುತ್ತಿದ್ದ. ಹೇಳಲೆಂದೇ ಅಲ್ಲವೇ ನಾನು ಅಷ್ಟು ದೂರ ಬಂದದ್ದು? ಕೈಯಲ್ಲಿ ಅವರ ಮನೆಯ ತುತ್ತಿತ್ತು, ತಲೆಯ ಮೇಲೆ ಪುಣ್ಯಾತ್ಮನೆಂಬ ಕಿರೀಟವಿತ್ತು.

“ನಿಮ್ಮಪ್ಪ ಹೇಳೋದು ಸರಿ ಐತಪ್ಪ” ಎಂದೆ.

ಹುಡುಗ ತಲೆ ತಗ್ಗಿಸಿ ಹಿತ್ತಲಿಗೆ ಹೋದ. ನಾನು ಅಲ್ಲಿಂದ ಏಳುವವರೆಗೂ ಬಾವಿಯ ರಾಟೆಯ ಸದ್ದು ಕೇಳುತ್ತಿತ್ತು, ಹಾಡು ಕೇಳಲಿಲ್ಲ.

ಈ ಮೂವತ್ತು ಚಿಲ್ಲರೆ ವರ್ಷ ಒಬ್ಬನ ಬಾಯಿ ಮುಚ್ಚಿಸಿದ ಪಾಪ ಹೊತ್ತಿದ್ದೆ. ಈಗ ಮುದುಕನಾಗಿ, ಉಂಡ ಮನೆಯಲ್ಲಿ ಕೂತು, ಇನ್ನೊಬ್ಬನದನ್ನೂ ಮುಚ್ಚಿಸಿ ಬಂದಿದ್ದೇನೆ. ಆಗ ಹೊಟ್ಟೆಕಿಚ್ಚಿತ್ತು ಅನ್ನಬಹುದು. ಈ ಸಲ ಅದೂ ಇರಲಿಲ್ಲ. ಬರೀ ಹೇಡಿತನ. ನನ್ನ ಬಗ್ಗೆ ನನಗೇ ಹೇಸಿಗೆಯಾಗುತ್ತಿದೆ.

ನಾಳೆ ಬೆಳಗಿನ ಮೋಟಾರಿಗೆ ಮತ್ತೆ ಹೊಸದುರ್ಗಕ್ಕೆ ಹೋಗುತ್ತೇನೆ. ಈ ಸಲ ಹಾರ್ಮೋನಿಯಂ ಪೆಟ್ಟಿಗೆಯೂ ಜೊತೆಗೆ ಬರುತ್ತದೆ. ಬಾಯಿ ನನ್ನದು ಮೋಸದ ಬಾಯಿ, ಅದನ್ನು ನಂಬಲಾರೆ. ಮೊದಲು ಬೆರಳಿಂದಲೇ ಶುರು ಮಾಡುತ್ತೇನೆ. ಅಪ್ಪ ಮಗ ಇಬ್ಬರನ್ನೂ ಕೂರಿಸಿ, ಅಂದು ಹಿಡಿದ ಮನೆಯನ್ನು ಒತ್ತಿ, ನಿನ್ನಪ್ಪ ಹಾಡಿದ್ದು ಇದರಲ್ಲಿ ಎಂದು ತೋರಿಸುತ್ತೇನೆ. ಆಮೇಲೆ ಎರಡು ಮನೆ ಕೆಳಗೆ ಒತ್ತಿ, ನಾನು ಹೇಳಿದ್ದು ಇದನ್ನು ಎನ್ನುತ್ತೇನೆ. ಮರುಳನ ಕಿವಿ ಹೋಗಿಲ್ಲ, ಅವನಿಗೆ ಅಷ್ಟು ಸಾಕು. ಆಮೇಲೆ ಅವನು ಏನು ಮಾಡಿದರೂ ಸರಿಯೇ.

ಊಟಕ್ಕೆ ಮಾತ್ರ ಈ ಸಲ ಕೂರುವುದಿಲ್ಲ.